ಬಿಲ್ಲುಗಳ ಮೇಲಿನ ಪಿಸ್ಟನ್ನು

ತುಟ್ಟೀದು ಕೊಡು ಅಂತೀಯಲ್ಲ,
ಗಾಡಿ ಇನ್ನೂ ಸ್ಟ್ಯಾಂಡಿಗೆ ಹಾಕಿಲ್ಲ ನೀನು.
ಮೊದಲು ಕೂತ್ಕೋ, ಆ ಡಬ್ಬದ ಮೇಲೆ.
ಕೌಲ್ ಬಜಾರಿನಾಗೆ ಈ ಹೊತ್ತಿಗೆ
ನೆರಳು ಅಂಬೋದು ನನ್ನ ತಗಡಿನ ಕೆಳಗೆ ಮಾತ್ರ ಐತೆ,
ಅದೂ ಮೂರು ಗೇಣು.

ಹಳೇ ನೂರು ಸಿಸಿ.
ಪೋರ್ಟು ಕೆತ್ತಿಸೀಯ, ಹೆಡ್ಡು ಉಜ್ಜಿಸೀಯ,
ಓಣಿ ನಾಯಿಗಳು ಎದ್ದು ನಿಲ್ಲೋಹಂಗೆ ಸೈಲೆನ್ಸರ್ ಹಾಕ್ಸೀಯ.
ಕಾರ್ಬೊರೇಟರಿನ ಜೆಟ್ಟು ಎಷ್ಟರದು?
ಗೊತ್ತಿಲ್ಲ.
ಆದ್ರೆ ಎಣ್ಣೆ ಮಾತ್ರ ತುಟ್ಟೀದೇ ಬೇಕು.

ಕೇಳು. ನಾಲ್ಕು ಸ್ಟ್ರೋಕಿನಾಗೆ ಎಣ್ಣೆ ಸಂಸಾರಸ್ಥ.
ತಳದಾಗೆ ಕೂತು, ಸುತ್ತಿ ಸುತ್ತಿ, ಕರ್ರಗಾಗಿ
ಮೂರು ಸಾವಿರ ಕಿಲೋಮೀಟರಿಗೆ ಬಸಿಸ್ಕೊಂತೈತೆ.
ಎರಡು ಸ್ಟ್ರೋಕಿನದು ದಾರಿಹೋಕ.
ಪೆಟ್ರೋಲಿನ ಕೈ ಹಿಡಕೊಂಡು ಒಳಗೆ ಬರ್ತೈತೆ,
ಬೇರಿಂಗು, ಪಿಸ್ಟನ್ನಿನ ಮೈ, ಒಂದ್ಸಲ ಸವರಿ
ಉರಿದು ಹೋಗ್ತೈತೆ.
ತಿರುಗಿ ಬರಂಗಿಲ್ಲ.
ಹಿಂದೆ ಬರೋನ ಕಣ್ಣಾಗಿನ ಹೊಗೆ,
ಅಷ್ಟೇ ಅದರ ವಿಳಾಸ.

ಉರಿಯೋ ಮುಂಚೆ ಗಟ್ಟಿ ಅಂಟ್ಕೋಬೇಕು,
ಅಂಟಿದ್ದು ಗುರುತಿಲ್ಲದಂಗೆ ಉರೀಬೇಕು.
ಎರಡೂ ಗುಣ ಒಂದರಾಗೇ ಸಿಗೋದು ಕಷ್ಟ.
ನಾನು ಮೂರು ಅಳಿಯಂದಿರನ್ನ ನೋಡೀನಿ.

ಔಡಲೆಣ್ಣೆ ಹಾಕು ಅಂದಾನೇನು ಯಾರಾದ್ರೂ?
ಸುಳ್ಳಲ್ಲ. ನಮ್ಮಜ್ಜಿ ನೆತ್ತಿಗೆ ತಟ್ಟಿದ್ದು,
ನಮ್ಮ ಹೊಟ್ಟೆ ತೊಳೆದದ್ದು, ಅದೇ ಕುಲ.
ಲೋಹ ಕಾದಷ್ಟೂ ಬಿಗಿಯಾಗಿ ಹಿಡ್ಕೊಂತೈತೆ.
ಆದ್ರೆ ರೇಸು ಮುಗಿದ ರಾತ್ರೀನೇ ಬಿಚ್ಚಿ ತೊಳೀಬೇಕು,
ಇಲ್ಲಾಂದ್ರೆ ರಿಂಗಿನ ಸಂದ್ಯಾಗೆ
ಬೆಲ್ಲದ ಪಾಕದಂಗೆ ಕೂತ್ಬಿಡ್ತೈತೆ.
ಬೇರೆ ಎಣ್ಣೆ ಇರೋ ಟ್ಯಾಂಕಿಗೆ ಸುರೀಬ್ಯಾಡ,
ಎಣ್ಣೆ ಸೀಗೇಕಾಯಿ ಸಂಬಂಧ ಅದು.

ಆ ನೀಲಿ ಕ್ಯಾನು ಬ್ಯಾಡ, ದೋಣಿ ಎಂಜಿನ್ನಿಂದು,
ಸುತ್ತ ನೀರಿರ್ತೈತೆ ಅಂತ ನಂಬಿ ಮಾಡಿದ್ದು.
ಬಳ್ಳಾರ್ಯಾಗೆ ನಲ್ಲಿಗೇ ಎಂಟು ದಿನಕ್ಕೊಮ್ಮೆ.

ಜಾಸ್ತಿ ಸುರಿದ್ರೆ ಜಾಸ್ತಿ ಕಾಯ್ತೈತೆ ಅನ್ಕೋಬ್ಯಾಡ.
ಎಣ್ಣೆ ಹಿಡಿದಷ್ಟು ಜಾಗ ಪೆಟ್ರೋಲಿಗಿಲ್ಲ.
ಪೆಟ್ರೋಲು ಕಮ್ಮಿಯಾದ ಬೆಂಕಿ ಬಲು ಬಿಸಿ.
ಲೀಟರಿಗೆ ಮೂವತ್ತು ಎಂಎಲ್ಲು. ಅಳತೆ ಮುಚ್ಚಳ ಕೊಡ್ತೀನಿ,
ಕಳೀಬ್ಯಾಡ.

ಈ ಪಿಸ್ಟನ್ನು ಎತ್ತಿ ನೋಡು.
ಪಕ್ಕಕ್ಕೆ ಬೆರಳಾಡಿಸು.
ನಾಲ್ಕು ಗೀರು, ಬೆಕ್ಕು ಪರಚಿದಂಗೆ.
ಹೊನ್ನೂರಸ್ವಾಮಿ ಅಂತ, ನಿನ್ನ ವಯಸ್ಸೇ ಆಗ.
ಕುಡಿತಿನಿ ರಸ್ತೆ ಖಾಲಿ ಲೇಔಟು,
ಸೈಟಿನ ಕಲ್ಲುಗಳ ನಡುವೆ ರೇಸು, ಮೇ ತಿಂಗಳು.
ಮೂರನೇ ಸುತ್ತಿಗೆ ಹಿಂದಿನ ಗಾಲಿ ನಿಂತ್ಬಿಡ್ತು.
ಹುಡುಗ ನಿಲ್ಲಲಿಲ್ಲ.
ಎಡಗೈ ಈಗಲೂ ಭುಜದ ಮಟ್ಟಕ್ಕೆ ಬರಂಗಿಲ್ಲ.

ಎಣ್ಣೆ ನಾನೇ ಕೊಟ್ಟಿದ್ದು.
ಪೀಪಾಯಿದು, ಲೂಸು. ಗುಂತಕಲ್ಲಿನ ಏಜೆಂಟ ಇಳಿಸಿ ಹೋಗಿದ್ದ,
ಹಳೇದನ್ನ ಕಾಸಿ, ಸೋಸಿ, ಬಣ್ಣ ಕಲಸಿದ್ದು.
ನನಗೆ ಗೊತ್ತಿತ್ತೇನು?
ಮೂಗಿಗೆ ಗೊತ್ತಿತ್ತು.
ಲೀಟರಿಗೆ ಹನ್ನೆರಡು ರೂಪಾಯಿ ಉಳೀತಿತ್ತು.
ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡಂಗೆ ಅಂತಾರೆ,
ನಾನು ಮೂಗು ಮುಚ್ಕೊಂಡೆ.
ಪೀಪಾಯಿ ವಾಪಸ್ ಕಳಿಸಿದೆ ಆಮೇಲೆ.
ಆಮೇಲೆ ಅಂದ್ರೆ, ಅರ್ಧ ಮಾರಿದ ಮ್ಯಾಲೆ.

ಅವನು ಬರ್ತಾನೆ ಆಗಾಗ, ಗ್ರೀಸು ಒಯ್ಯಾಕೆ.
ಬಲಗೈಲೇ ನೋಟು ಬಿಡಿಸ್ತಾನೆ, ನಿಧಾನಕ್ಕೆ.
ಪಿಸ್ಟನ್ನು ಕಣ್ಣಿಗೆ ಬೀಳ್ತೈತೆ.
ನಂದೇನು ಅಂತ ಒಂದಿನಾ ಕೇಳಿಲ್ಲ.

ತಗೋ, ಈ ಕೆಂಪು ಡಬ್ಬಿ. ಪೂರಾ ಸಿಂಥೆಟಿಕ್ಕು,
ತುಟ್ಟೀದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ನಿನ್ನ ಗಾಡಿಗೆ ಸಾಕು.
ಸೀಲು ನೀನೇ ಒಡಿ, ನನ್ನೆದುರಿಗೆ.
ಮೂಸು. ಇನ್ನೊಂದ್ಸಲ.
ಹದಿನೈದು ಕಿಲೋಮೀಟರು ಓಡಿಸಿ ಪ್ಲಗ್ಗು ಬಿಚ್ಚು.
ಚಹಾದ ಬಣ್ಣ ಇದ್ರೆ ಖುಷೀಲೆ ತಿರುಗು.
ಬೆಳ್ಳಗಿದ್ರೆ ತಳ್ಕೊಂಡು ಬಾ,
ಓಡಿಸ್ಕೊಂಡು ಬರಬ್ಯಾಡ.

ಪಿಸ್ಟನ್ನು ಇದ್ದಲ್ಲೇ ಇಡು.
ಗಾಳಿ ಏಳ್ತೈತೆ.